ಕರಿಕಲ್ಲು ಕೊಯ್ಯುವ ನೀರು

ಚಾಮರಾಜನಗರದ ಕರಿಕಲ್ಲಿಗೆ ದೇಶ ವಿದೇಶಗಳಲ್ಲಿ ಹೆಸರಿದೆ. ಆದರೆ ಬಹುಕಾಲದಿಂದ ಆ ಕಲ್ಲು ಜಿಲ್ಲೆಯ ಗಡಿ ದಾಟುತ್ತಿರುವುದು ಹೆಚ್ಚಾಗಿ ದಿಮ್ಮಿಯ ರೂಪದಲ್ಲೇ. ಅದಕ್ಕೆ ಹೊಳಪು, ಆಕಾರ, ಬೆಲೆ ಎಲ್ಲ ಬರುವುದು ಬೇರೆ ಊರಿನಲ್ಲಿ. ವ್ಯಾಪಾರದಲ್ಲಿ ಇದನ್ನು ಬ್ಲ್ಯಾಕ್ ಗ್ರಾನೈಟ್ ಎಂದು ಕರೆದರೂ ಭೂವಿಜ್ಞಾನದ ಲೆಕ್ಕದಲ್ಲಿ ಇದು ಡಾಲರೈಟ್. 200 ಕೋಟಿ ವರ್ಷಕ್ಕೂ ಹಿಂದೆ ಭೂಮಿಯ ಆಳದಿಂದ ಮೇಲೆದ್ದ ಶಿಲಾಪಾಕ, ಅದಕ್ಕಿಂತ ಹಳೆಯ ಬಂಡೆಗಳ ಬಿರುಕುಗಳಲ್ಲಿ ತುಂಬಿಕೊಂಡು ಗಟ್ಟಿಯಾದದ್ದು. ಹಾಗಾಗಿ ಇದು ಗುಡ್ಡಗುಡ್ಡವಾಗಿ ಸಿಗುವುದಿಲ್ಲ. ಉದ್ದವಾದ, ಅಗಲ ಕಡಿಮೆಯ ಪಟ್ಟೆಗಳಲ್ಲಿ ಮಾತ್ರ ಸಿಗುತ್ತದೆ. ತೆಗೆದಷ್ಟೂ ಮುಗಿಯುತ್ತ ಹೋಗುವ ಸರಕು.

ಕ್ವಾರಿಗಳ ಪಕ್ಕದಲ್ಲಿ ಬಿದ್ದಿರುವ ಕಲ್ಲಿನ ಗುಡ್ಡೆಗಳನ್ನು ಕಂಡವರಿಗೆ ಇನ್ನೊಂದು ಸಂಗತಿಯೂ ತಿಳಿದಿರುತ್ತದೆ. ಸಣ್ಣ ಸೀಳು, ಬಣ್ಣದ ಮಚ್ಚೆ ಅಥವಾ ಅಳತೆಯ ಕೊರತೆ ಕಂಡರೂ ಸಾಕು, ದಿಮ್ಮಿ ತಿರಸ್ಕಾರವಾಗುತ್ತದೆ. ಗುಂಡ್ಲುಪೇಟೆಯ ಕಡೆ ಹಿರೀಕಾಟಿ, ಮಡಹಳ್ಳಿಗಳಲ್ಲಿ ತೆಗೆಯುವುದು ಬಿಳಿಕಲ್ಲು. ಅದರ ಪಾಡು ಇನ್ನೂ ಕಠಿಣ. ಬಹುಪಾಲು ಕ್ರಷರ್‌ಗೆ ಹೋಗಿ ಜಲ್ಲಿಯಾಗುತ್ತದೆ. 2022ರ ಮಾರ್ಚ್‌ನಲ್ಲಿ ಮಡಹಳ್ಳಿಯ ಗುಡ್ಡ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಇಷ್ಟು ಬೆಲೆ ತೆತ್ತು ನೆಲದಿಂದ ತೆಗೆದ ಕಲ್ಲಿನ ಒಂದೊಂದು ತುಂಡಿನಿಂದಲೂ ಆದಷ್ಟು ಹೆಚ್ಚು ಕೆಲಸ ಪಡೆಯಬೇಕೆನ್ನುವುದು ನನ್ನ ಗಟ್ಟಿಯಾದ ನಂಬಿಕೆ. ಈ ಅಧ್ಯಾಯದಲ್ಲಿ ಹೇಳಹೊರಟಿರುವ ಯಂತ್ರ, ಮರಳು ಬೆರೆಸಿದ ನೀರಿನ ಧಾರೆಯಿಂದ ಕಲ್ಲು ಕೊಯ್ಯುವ ವಾಟರ್‌ಜೆಟ್, ನನಗೆ ಮುಖ್ಯವಾಗಿರುವುದೂ ಅದಕ್ಕೇ.

ಕಲ್ಲನ್ನು ನೇರವಾಗಿ ಕೊಯ್ಯುವುದು ಈಗ ಕಷ್ಟದ ಕೆಲಸವಲ್ಲ. ಗಣಿಯಲ್ಲಿ ವಜ್ರದ ಮಣಿ ಪೋಣಿಸಿದ ತಂತಿ ಸುತ್ತುತ್ತ ಸುತ್ತುತ್ತ ಬಂಡೆಯನ್ನು ಬಿಡಿಸುತ್ತದೆ. ಕಾರ್ಖಾನೆಯಲ್ಲಿ ಗ್ಯಾಂಗ್‌ಸಾ ಒಂದೇ ಸಲಕ್ಕೆ ಇಡೀ ದಿಮ್ಮಿಯನ್ನು ಹಲಗೆಗಳಾಗಿ ಸೀಳುತ್ತದೆ. ಕಷ್ಟ ಶುರುವಾಗುವುದು ಗೆರೆ ಬಾಗಿದಾಗ. ದುಂಡು ಬ್ಲೇಡಿಗೆ ತಿರುವು ತಿಳಿಯದು, ಒಳಮೂಲೆಯಂತೂ ತಿಳಿಯುವುದೇ ಇಲ್ಲ. ಅಡುಗೆಮನೆಯ ಕಟ್ಟೆಯ ಕಲ್ಲಿನಲ್ಲಿ ಸಿಂಕ್ ಕೂರಿಸಲು ಕೈ ಕಟ್ಟರ್ ಹಿಡಿದು ಕಿಂಡಿ ಕೊರೆಯುವುದನ್ನು ನೋಡಿದವರಿಗೆ ಇದು ಗೊತ್ತು. ಮೂಲೆಗೆ ಬಂದಾಗ ಬ್ಲೇಡು ಗೆರೆ ದಾಟಿ ಒಂದಿಷ್ಟು ಮುಂದಕ್ಕೆ ಕೊಯ್ಯಲೇಬೇಕು, ಇಲ್ಲದಿದ್ದರೆ ಕಲ್ಲಿನ ತಳದಲ್ಲಿ ಮೂಲೆ ಬಿಡುವುದಿಲ್ಲ. ಹಾಗೆ ಹೆಚ್ಚಾಗಿ ಕೊಯ್ದ ಗೀರಿನಿಂದಲೇ ಮುಂದೊಂದು ದಿನ ಬಿರುಕು ಹೊರಡುತ್ತದೆ. ಜೊತೆಗೆ ಮನೆಯೆಲ್ಲ ದೂಳು. ಕೆಲಸಗಾರನ ಹುಬ್ಬು, ರೆಪ್ಪೆಗಳ ಮೇಲೂ ದೂಳು.

ಬಾಗಿದ ಗೆರೆಯಲ್ಲಿ ಕಲ್ಲು ಕೊಯ್ಯುವ ವಿದ್ಯೆ ನದಿಗೆ ಹಿಂದಿನಿಂದಲೂ ಗೊತ್ತು. ಕಾವೇರಿ ಚಾಮರಾಜನಗರ ಜಿಲ್ಲೆಯನ್ನು ಬಿಟ್ಟು ತಮಿಳುನಾಡಿಗೆ ಇಳಿಯುವ ಹೊಗೇನಕಲ್ಲಿನಲ್ಲಿ ಬಂಡೆಯ ಮೈಯಲ್ಲೆಲ್ಲ ದುಂಡು ಕುಳಿಗಳಿವೆ. ಅವನ್ನು ಕೊರೆದದ್ದು ನೀರು ಒಂದೇ ಅಲ್ಲ, ಪ್ರವಾಹ ಹೊತ್ತು ತಂದ ಮರಳು ಮತ್ತು ಹರಳುಕಲ್ಲು. ಸುಳಿಯಲ್ಲಿ ಸಿಕ್ಕ ಕಲ್ಲು ಅಲ್ಲೇ ತಿರುಗಿ ತಿರುಗಿ ಬಂಡೆಯನ್ನು ಸವೆಸುತ್ತದೆ. ಅಲ್ಲಿ ನೀರಿನ ಕೆಲಸ ಕಲ್ಲಿಗೆ ವೇಗ ಕೊಡುವುದು ಮಾತ್ರ.

ನದಿಗೆ ಸಾವಿರಾರು ವರ್ಷ ಹಿಡಿಯುವ ಕೆಲಸವನ್ನು ನಿಮಿಷಗಳಲ್ಲಿ ಮುಗಿಸಲು ಎಷ್ಟು ವೇಗ ಬೇಕು? ಶಿವನಸಮುದ್ರವನ್ನೇ ಅಳತೆಗೆ ಇಟ್ಟುಕೊಳ್ಳೋಣ. 1902ರಲ್ಲಿ ಅಲ್ಲಿ ಶುರುವಾದ ವಿದ್ಯುದಾಗಾರಕ್ಕೆ ನೀರು ಇಳಿಯುವುದು ಸುಮಾರು 400 ಅಡಿ ಎತ್ತರದಿಂದ. ಅಷ್ಟು ಎತ್ತರ ನೀರಿಗೆ ಹೆಚ್ಚೆಂದರೆ ಸೆಕೆಂಡಿಗೆ 50 ಮೀಟರಿನ ಆಸುಪಾಸಿನ ವೇಗ ಕೊಡಬಲ್ಲದು. ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ನಡೆಸಲು ಆ ವೇಗ ಸಾಕಾಯಿತು. ಕಲ್ಲು ಕೊಯ್ಯುವ ವಾಟರ್‌ಜೆಟ್ ಯಂತ್ರದ ಒತ್ತಡ 4000 ಬಾರ್‌ನಷ್ಟು. ಬರೀ ಎತ್ತರದಿಂದ ಅಷ್ಟು ಒತ್ತಡ ಪಡೆಯಬೇಕಾದರೆ 40 ಕಿಲೋಮೀಟರ್ ಎತ್ತರದಲ್ಲಿ ನೀರು ಕಟ್ಟಿ ನಿಲ್ಲಿಸಬೇಕು. ಸಮುದ್ರದ ಅತ್ಯಂತ ಆಳದ ಜಾಗದಲ್ಲಿ ಇರುವ ಒತ್ತಡ ಇದರ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ನೀರನ್ನು ಹಿಸುಕಲಾಗದು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಈ ಒತ್ತಡದಲ್ಲಿ ಅದೂ ನೂರಕ್ಕೆ ಸುಮಾರು ಹನ್ನೆರಡು ಭಾಗ ಕುಗ್ಗುತ್ತದೆ.

ಇಷ್ಟು ಒತ್ತಡ ಹುಟ್ಟಿಸುವ ಪಂಪಿನ ತತ್ವ ಮಾತ್ರ ಬಹಳ ಸರಳ. ಒಂದು ದೊಡ್ಡ ಪಿಸ್ಟನ್ನಿನ ಎರಡೂ ಬದಿಗೆ ಸಣ್ಣ ಸಣ್ಣ ಪಿಸ್ಟನ್‌ಗಳನ್ನು ಕೂಡಿಸಿರುತ್ತಾರೆ. ದೊಡ್ಡದರ ಮೇಲೆ ಸುಮಾರು 200 ಬಾರ್ ಒತ್ತಡದ ಎಣ್ಣೆ ಒತ್ತುತ್ತದೆ. ದೊಡ್ಡದರ ವಿಸ್ತೀರ್ಣ ಸಣ್ಣದರ 20 ಪಟ್ಟು ಇದ್ದರೆ ಸಣ್ಣದರ ಮುಂದಿರುವ ನೀರಿಗೆ 20 ಪಟ್ಟು ಒತ್ತಡ, ಅಂದರೆ 4000 ಬಾರ್. ಪಿಸ್ಟನ್ ಆ ಕಡೆ ಹೋದಾಗ ಒಂದು ಬದಿಯಿಂದ, ಈ ಕಡೆ ಬಂದಾಗ ಇನ್ನೊಂದು ಬದಿಯಿಂದ ನೀರು ಹೊರಡುತ್ತದೆ. ದಿಕ್ಕು ಬದಲಿಸುವ ಕ್ಷಣದಲ್ಲಿ ಒತ್ತಡ ತಗ್ಗದಂತೆ ನಡುವೆ ದಪ್ಪ ಉಕ್ಕಿನ ಕೊಳವೆಯೊಂದಿದ್ದು, ಹಿಸುಕಿದ ನೀರೇ ಅಲ್ಲಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಇದಕ್ಕೆಲ್ಲ 50 ಅಶ್ವಶಕ್ತಿಯ ಮೋಟಾರು ಸಾಕು.

ಇಡೀ ಯಂತ್ರದ ಮರ್ಮ ಇರುವುದು ಕೊಯ್ಯುವ ತಲೆಯಲ್ಲಿ, ಅಂಗೈಯಲ್ಲಿ ಹಿಡಿಯುವಂಥ ಎರಡು ಭಾಗಗಳಲ್ಲಿ. ಮೊದಲನೆಯದು ನೀಲಮಣಿಯ ಅಥವಾ ವಜ್ರದ ಪುಟ್ಟ ಬಿಲ್ಲೆ. ಅದರ ನಡುವಿನ ರಂಧ್ರದ ವ್ಯಾಸ ಸುಮಾರು 0.35 ಮಿಲಿಮೀಟರ್. ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ. 4000 ಬಾರ್ ಒತ್ತಡದ ನೀರು ಈ ರಂಧ್ರದಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ 850 ಮೀಟರಿನ ಹತ್ತಿರ, ಶಬ್ದದ ವೇಗದ ಎರಡೂವರೆ ಪಟ್ಟು. ಹಾಗಿದ್ದೂ ಖರ್ಚಾಗುವ ನೀರು ನಿಮಿಷಕ್ಕೆ ಮೂರೂವರೆ ಲೀಟರ್ ಮಾತ್ರ.

ಮಣಿಯ ಕೆಳಗೆ ಚಿಕ್ಕ ಕೋಣೆ. ಎಳೆಯಷ್ಟು ಸಣ್ಣ ನೀರಿನ ಧಾರೆ ಆ ವೇಗದಲ್ಲಿ ಅದನ್ನು ಹಾದುಹೋಗುವಾಗ ಅಲ್ಲಿದ್ದ ಗಾಳಿಯನ್ನೂ ಸೆಳೆದೊಯ್ಯುವುದರಿಂದ ಕೋಣೆಯಲ್ಲಿ ನಿರ್ವಾತ ಉಂಟಾಗುತ್ತದೆ. ಪಕ್ಕದ ಕೊಳವೆಯಿಂದ ಗಾರ್ನೆಟ್ ಮರಳು ತಾನಾಗಿಯೇ ಒಳಕ್ಕೆ ಎಳೆಯಲ್ಪಡುತ್ತದೆ. ಅದನ್ನು ತಳ್ಳಲು ಬೇರೆ ಪಂಪ್ ಬೇಡ. ಇನ್ನು ಎರಡನೆಯ ಭಾಗ, ಟಂಗ್‌ಸ್ಟನ್ ಕಾರ್ಬೈಡಿನ ನಳಿಗೆ. ಮೂರು ಇಂಚು ಉದ್ದ, ಒಳವ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ನೀರು ತನ್ನ ವೇಗವನ್ನು ಮರಳಿಗೆ ಹಂಚುವುದು ಈ ಮೂರು ಇಂಚಿನಲ್ಲೇ. ಅಷ್ಟು ಗಡಸಾದ ಕಾರ್ಬೈಡ್ ಕೂಡ ನೂರು ಗಂಟೆಯ ಸುಮಾರಿಗೆ ಸವೆದು ಬಾಯಿ ಅಗಲವಾಗುತ್ತದೆ. ಹಳೆಯ ನಳಿಗೆಯ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ: ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಮರಳಿನ ಕಣವೊಂದರ ಗಾತ್ರ ಸುಮಾರು 0.2 ಮಿಲಿಮೀಟರ್. ನಿಮಿಷಕ್ಕೆ 400 ಗ್ರಾಂ ಹೋಗುತ್ತದೆಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ನಾಲ್ಕು ಲಕ್ಷ ಕಣಗಳು ಕಲ್ಲಿಗೆ ಬಡಿಯುತ್ತವೆ. ಉಕ್ಕಿನಂಥ ಲೋಹದ ಮೇಲೆ ಪ್ರತಿ ಕಣವೂ ಕಣ್ಣಿಗೆ ಕಾಣದ ಒಂದು ಚೂರನ್ನು ಕೆತ್ತಿ ತೆಗೆಯುತ್ತದೆ. ಕರಿಕಲ್ಲಿನಲ್ಲಿ ನಡೆಯುವುದೇ ಬೇರೆ. ಅದು ಪ್ಲೇಜಿಯೋಕ್ಲೇಸ್ ಮತ್ತು ಪೈರಾಕ್ಸೀನ್ ಹರಳುಗಳು ಒಂದರೊಳಗೊಂದು ಹೆಣೆದುಕೊಂಡ ಕಲ್ಲು. ಗಾರ್ನೆಟ್ ಬಡಿದ ಜಾಗದಲ್ಲಿ ಸೂಕ್ಷ್ಮ ಬಿರುಕುಗಳು ಹರಡುತ್ತವೆ, ಅಕ್ಕಪಕ್ಕದ ಬಿರುಕುಗಳು ಕೂಡಿದಾಗ ಹರಳಿನ ಚಕ್ಕೆ ಹಾರಿಹೋಗುತ್ತದೆ. ಕಲ್ಲುಕುಟಿಗನ ಉಳಿಯಿಂದ ಆಗುವುದೂ ಇದೇ. ಇಲ್ಲಿ ಏಟು ಸಣ್ಣದು, ಏಟುಗಳ ಸಂಖ್ಯೆ ದೊಡ್ಡದು.

ಗಾರ್ನೆಟ್ಟೇ ಏಕೆ? ಗಡಸುತನದ ಮೋಸ್ ಅಳತೆಯಲ್ಲಿ ಅದು ಏಳೂವರೆಯಿಂದ ಎಂಟರವರೆಗೆ ಇದೆ. ಕರಿಕಲ್ಲಿನ ಖನಿಜಗಳು ಐದಾರರ ಆಸುಪಾಸು. ಇನ್ನೂ ಗಡಸಾದ ಪುಡಿ ಹಾಕಿದರೆ ನಳಿಗೆ ಕೆಲವೇ ಹೊತ್ತಿನಲ್ಲಿ ಹಾಳು, ಮೆತ್ತನೆಯ ಪುಡಿ ಹಾಕಿದರೆ ಕಲ್ಲು ಕೊಯ್ಯದು. ಜೊತೆಗೆ ಗಾರ್ನೆಟ್ ಭಾರವಾದ ಮರಳು, ಒಡೆದಾಗ ಚೂಪು ಅಂಚೇ ಉಳಿಯುತ್ತದೆ. ನವರತ್ನಗಳಲ್ಲಿ ಒಂದಾದ ಗೋಮೇಧಿಕವೂ ಗಾರ್ನೆಟ್ ಕುಲದ್ದೇ. ಗುಂಡ್ಲುಪೇಟೆಗೆ ಪಶ್ಚಿಮದಲ್ಲಿರುವ ಸರಗೂರಿನ ಹೆಸರಿನಿಂದಲೇ ಭೂವಿಜ್ಞಾನದಲ್ಲಿ ಪ್ರಸಿದ್ಧವಾದ ಪ್ರಾಚೀನ ಶಿಲಾಸಮೂಹವೊಂದಿದೆ. ಆ ಕಲ್ಲುಗಳಲ್ಲೂ ಗಾರ್ನೆಟ್ಟಿನ ಕೆಂಪು ಹರಳುಗಳು ಕಾಣುತ್ತವೆ. ಯಂತ್ರಕ್ಕೆ ಬೇಕಾದಷ್ಟು ಸಿಗುವುದು ಮಾತ್ರ ಕಡಲತೀರದಲ್ಲಿ. ಬೆಟ್ಟದ ಕಲ್ಲು ಕರಗಿ ಹೊಳೆಯ ಪಾಲಾಗಿ ಸಮುದ್ರ ಸೇರಿದ ಮೇಲೆ, ಅಲೆಗಳು ಹಗುರ ಮರಳನ್ನು ಕೊಚ್ಚಿಕೊಂಡು ಹೋಗಿ ಭಾರದ್ದನ್ನು ದಡದಲ್ಲಿ ಉಳಿಸುತ್ತವೆ. ತಮಿಳುನಾಡಿನ ದಕ್ಷಿಣ ತೀರದಲ್ಲಿ ಇಂಥ ಕೆಂಪು ಮರಳಿನ ನಿಕ್ಷೇಪಗಳಿವೆ. ಅಲ್ಲಿನ ಗಣಿಗಾರಿಕೆ ದೊಡ್ಡ ವಿವಾದವಾಗಿ, ರಾಜ್ಯ ಸರ್ಕಾರ 2013ರಲ್ಲಿ ಅದನ್ನು ನಿಲ್ಲಿಸಿತು. ಒಡಿಶಾದ ಛತ್ರಪುರದ ಮರಳಿನಲ್ಲೂ ಗಾರ್ನೆಟ್ ಇದೆ. ಪಶ್ಚಿಮ ಆಸ್ಟ್ರೇಲಿಯದಿಂದಲೂ ಅದು ಜಗತ್ತಿಗೆಲ್ಲ ಹೋಗುತ್ತದೆ. ಚಾಮರಾಜನಗರದ ಕಲ್ಲು ಕೊಯ್ಯಬೇಕಾದರೆ ಯಾವುದೋ ಕಡಲತೀರವನ್ನು ಅಗೆಯಬೇಕು ಎಂಬುದನ್ನು ಮರೆಯುವಂತಿಲ್ಲ.

ಮರಳನ್ನು ವೇಗವಾಗಿ ಚಿಮ್ಮಿಸಿ ಕಲ್ಲು ಕೊರೆಯುವ ಯೋಚನೆ ಹೊಸದಲ್ಲ. ಫಿಲಡೆಲ್ಫಿಯಾದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲೇ ಮರಳುಧಾರೆಗೆ ಪೇಟೆಂಟ್ ಪಡೆದಿದ್ದರು. ಆ ವಿದ್ಯೆ ನಮ್ಮ ಕಲ್ಲಿನ ಮೇಲೂ ನಡೆದಿದೆ: ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕ ಗೋಡೆಯ ಕಪ್ಪು ಕಲ್ಲು ಹೋದದ್ದು ನಮ್ಮ ಕರ್ನಾಟಕದಿಂದ. ಅದನ್ನು ಹಲಗೆ ಮಾಡಿ ಹೊಳಪು ಕೊಟ್ಟದ್ದು ವರ್ಮಾಂಟ್ ರಾಜ್ಯದ ಬ್ಯಾರಿ ಪಟ್ಟಣದಲ್ಲಿ; ಅದರ ಮೇಲೆ ಹೆಸರುಗಳನ್ನು ಕೊರೆದದ್ದು ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ, ಗಾಳಿಯ ಒತ್ತಡದಲ್ಲಿ ಪುಡಿ ಚಿಮ್ಮಿಸಿ. 1982ರ ನವೆಂಬರಿನಲ್ಲಿ ಗೋಡೆ ಲೋಕಾರ್ಪಣೆಯಾದಾಗ ಅದರಲ್ಲಿ 57,939 ಹೆಸರುಗಳಿದ್ದವು. ಗಾಳಿ ಹಗುರ, ಅಕ್ಷರದಷ್ಟು ಆಳ ಕೊರೆಯಬಲ್ಲದೇ ಹೊರತು ಹಲಗೆಯ ಆಚೆಗೆ ಗೆರೆ ಎಳೆದಂತೆ ಕೊಯ್ಯಲಾರದು.

ನೀರಿನ ದಾರಿ ತಡವಾಗಿ ತೆರೆಯಿತು. 1950ರ ದಶಕದಲ್ಲಿ ನಾರ್ಮನ್ ಫ್ರಾಂಜ್ ಎಂಬ ಅರಣ್ಯ ಎಂಜಿನಿಯರ್ ಭಾರೀ ಒತ್ತಡದ ನೀರಿನಿಂದ ಮರ ಕೊಯ್ಯುವ ಪ್ರಯೋಗ ನಡೆಸಿದರು. ಬರೀ ನೀರಿನಿಂದ ಕಾಗದ, ರಟ್ಟು, ರಬ್ಬರು, ಮಕ್ಕಳ ಡೈಪರ್ ಎಲ್ಲ ಕೊಯ್ಯಬಹುದು, ಇವತ್ತಿಗೂ ಕೊಯ್ಯುತ್ತಾರೆ. ಕಲ್ಲು, ಉಕ್ಕುಗಳಿಗೆ ಅದು ಸಾಲದು. ಅಮೆರಿಕದ ಫ್ಲೋ ಸಂಸ್ಥೆಯಲ್ಲಿದ್ದ ಮೊಹಮ್ಮದ್ ಹಶೀಶ್ 1979ರಲ್ಲಿ ನೀರಿನ ಧಾರೆಗೆ ಗಾರ್ನೆಟ್ ಬೆರೆಸುವ ಪ್ರಯೋಗಗಳನ್ನು ಕೈಗೆತ್ತಿಕೊಂಡರು. ಕೆಲವೇ ವರ್ಷಗಳಲ್ಲಿ ಈ ಯಂತ್ರ ಕಾರಿನ ಗಾಜು ಕೊಯ್ಯುವ ಕಾರ್ಖಾನೆಗೆ ಕಾಲಿಟ್ಟಿತು. ಜಲವಿದ್ಯುತ್ ಎಂಜಿನಿಯರುಗಳು ಟರ್ಬೈನಿನ ರೆಕ್ಕೆ ತಿನ್ನುವ ಮರಳನ್ನು ಶತ್ರು ಎಂದು ಹೊರಗಿಡಲು ಹೆಣಗುತ್ತಿದ್ದರು. ಅದೇ ಮರಳನ್ನು ಆಳಾಗಿ ದುಡಿಸಿಕೊಂಡದ್ದು ಹಶೀಶ್ ಅವರ ಹಿರಿಮೆ.

ಈ ಯಂತ್ರದ ಶಕ್ತಿ, ಮಿತಿ ಎರಡನ್ನೂ ಅರಿಯಲು ಕನ್ನಡದ ಅಕ್ಷರಗಳಿಗಿಂತ ಒಳ್ಳೆಯ ಪರೀಕ್ಷೆ ನನಗೆ ತೋಚುವುದಿಲ್ಲ. 20 ಮಿಲಿಮೀಟರ್ ದಪ್ಪದ ಕರಿಕಲ್ಲಿನ ಹಲಗೆಯಲ್ಲಿ ‘ಗುಂಡ್ಲುಪೇಟೆ’ ಎಂದು ಆರಪಾರ ಕೊಯ್ದು, ಆ ಜಾಗದಲ್ಲಿ ಹಿತ್ತಾಳೆಯ ಅಕ್ಷರ ಕೂರಿಸಬೇಕು ಎಂದುಕೊಳ್ಳಿ. ಇಲ್ಲಿ ನೇರ ಗೆರೆ ಎಂಬುದೇ ಅಪರೂಪ. ಅಕ್ಷರದ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಧಾರೆಯ ದಾರಿಯನ್ನು ನಿರ್ಧರಿಸುತ್ತದೆ. ಧಾರೆಗೇ ಒಂದು ಮಿಲಿಮೀಟರಿನಷ್ಟು ಅಗಲ ಇರುವುದರಿಂದ, ಕಲ್ಲಿನಲ್ಲಿ ಗೆರೆಯ ಒಳಗಡೆ ಅರ್ಧ ಮಿಲಿಮೀಟರ್, ಹಿತ್ತಾಳೆಯಲ್ಲಿ ಗೆರೆಯ ಹೊರಗಡೆ ಅರ್ಧ ಮಿಲಿಮೀಟರ್ ಸರಿದು ಕೊಯ್ಯಬೇಕು. ಅನುಸ್ವಾರದ ಸೊನ್ನೆ ಕೊಯ್ಯುವಾಗ ನಡುವಿನ ಬಿಲ್ಲೆ ಕೆಳಗಿನ ನೀರಿನ ತೊಟ್ಟಿಗೆ ಬೀಳುತ್ತದೆ. ಅದನ್ನು ಹುಡುಕಿ ತೆಗೆದಿಟ್ಟುಕೊಂಡು ಕಡೆಗೆ ಹಿತ್ತಾಳೆಯ ಬಳೆಯೊಳಗೆ ಕೂರಿಸಬೇಕು.

ಎಲ್ಲಕ್ಕಿಂತ ಅಪಾಯದ ಗಳಿಗೆ ಮೊದಲ ತೂತು. ಪೂರ್ಣ ಒತ್ತಡದ ನೀರು ಗಾರ್ನೆಟ್ಟಿಗಿಂತ ಮೊದಲೇ ಕಲ್ಲಿಗೆ ತಾಗಿದರೆ, ಹೊರಬರಲು ದಾರಿಯಿಲ್ಲದೆ ಸೀಳಿನೊಳಗೆ ನುಗ್ಗಿ ಕಲ್ಲನ್ನು ಒಡೆದುಬಿಡುತ್ತದೆ. ಅದಕ್ಕೇ ಅನುಭವಿ ಆಪರೇಟರ್ ಒತ್ತಡವನ್ನು ಬಹಳ ತಗ್ಗಿಸಿ, ಗಾರ್ನೆಟ್ ಬೀಳುತ್ತಿದೆ ಎಂದು ಖಾತ್ರಿಯಾದ ಮೇಲೆ ತೂತು ಹಾಕುತ್ತಾನೆ; ಅದನ್ನೂ ಅಕ್ಷರದ ಗೆರೆಯ ಮೇಲಲ್ಲ, ಬಿಸಾಡುವ ಭಾಗದಲ್ಲಿ. ಅಲ್ಲಿಂದ ಮೆಲ್ಲಗೆ ಗೆರೆಗೆ ಬಂದು ಸೇರುತ್ತಾನೆ.

ಕೊಯ್ದು ತೆಗೆದ ತುಂಡಿನ ಅಂಚನ್ನು ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಸವರಬೇಕು. ಮೇಲ್ಭಾಗ ಸಣ್ಣ ಮರಳುಕಾಗದ ಮುಟ್ಟಿದಷ್ಟು ಸಮ. ಕೆಳಗೆ ಹೋದಂತೆ ಬೆರಳಿಗೆ ಏರಿಳಿತ ತಾಗುತ್ತದೆ. ಓರೆ ಬೆಳಕಿಗೆ ಹಿಡಿದರೆ ಹಿಂದಕ್ಕೆ ಬಾಗಿದ ಗೆರೆಗಳ ಸಾಲು ಕಾಣುತ್ತದೆ. ಧಾರೆ ಬ್ಲೇಡಿನ ಹಾಗೆ ಬಿಗಿಯಾದ ಆಯುಧವಲ್ಲ. ಆಳಕ್ಕೆ ಇಳಿದಂತೆ ಶಕ್ತಿ ಕುಂದಿ ಅದರ ಬಾಲ ಹಿಂದುಳಿಯುತ್ತದೆ. ಯಂತ್ರದ ತಲೆ ಎಷ್ಟು ಅವಸರದಲ್ಲಿ ಓಡಿತು ಎಂಬುದನ್ನು ಈ ಗೆರೆಗಳ ಬಾಗಿನಿಂದಲೇ ಹೇಳಬಹುದು. ತಿರುವಿನಲ್ಲಿ ತಲೆಯನ್ನು ನಿಧಾನ ಮಾಡದಿದ್ದರೆ ಮೇಲೆ ಅಕ್ಷರ ಸರಿಯಾಗಿ ಕಂಡರೂ ತಳದಲ್ಲಿ ಸೊಟ್ಟಗಾಗಿರುತ್ತದೆ. ಕೊಯ್ತದ ಬಾಯಿ ಮೇಲೆ ತುಸು ಅಗಲ, ಕೆಳಗೆ ತುಸು ಕಿರಿದು ಆಗುವುದೂ ಉಂಟು. ಈಗಿನ ಯಂತ್ರಗಳು ತಲೆಯನ್ನು ಒಂದೆರಡು ಡಿಗ್ರಿ ಓರೆ ಮಾಡಿ ಅದನ್ನು ಸರಿದೂಗಿಸುತ್ತವೆ.

ಇಷ್ಟೆಲ್ಲ ನಡೆಯುವಾಗ ಹಲಗೆಯನ್ನು ಕೆಳಕ್ಕೆ ಒತ್ತುವ ಬಲ ಎಷ್ಟು ಗೊತ್ತೆ? ನೀರಿನ ತೂಕ ಮತ್ತು ವೇಗದಿಂದ ಲೆಕ್ಕ ಹಾಕಿದರೆ ಐದು ಕಿಲೋ ತೂಕ ಇಟ್ಟಷ್ಟು. ನನಗೆ ಈ ಯಂತ್ರದಲ್ಲಿ ಬಹಳ ಹಿಡಿಸಿದ ಸಂಗತಿ ಇದು. ಕಲ್ಲನ್ನು ಬಿಗಿಯಾಗಿ ಕಟ್ಟಿಹಾಕುವ ಗೋಜಿಲ್ಲ, ತೆಳುವಾದ ಎಸಳು ಮುರಿಯುವ ಭಯವಿಲ್ಲ. ಬೇರೆಡೆ ಬಿಸಾಡಿದ ಚಿಕ್ಕ ತುಂಡಿನಿಂದಲೂ ಹೂವೋ ಅಕ್ಷರವೋ ಹೊರಬರಬಹುದು.

ಯಂತ್ರೋದ್ಯಮಕ್ಕೆ ಇದರ ದೊಡ್ಡ ಉಪಕಾರ ಇನ್ನೊಂದು: ಬಿಸಿ ಇಲ್ಲ. ಲೇಸರ್ ಮತ್ತು ಪ್ಲಾಸ್ಮಾ ಲೋಹವನ್ನು ಕರಗಿಸಿ ಕೊಯ್ಯುತ್ತವೆ. ಕರಗಿದ ಅಂಚಿನ ಪಕ್ಕದ ಉಕ್ಕು ಗಡಸಾಗುತ್ತದೆ, ತಗಡು ಸೊಟ್ಟಗಾಗುತ್ತದೆ, ಆಮೇಲೆ ಅಲ್ಲಿ ತೂತಿನೊಳಗೆ ಸ್ಕ್ರೂವಿನ ಎಳೆ ಕೊರೆಯಲು ಹೋದರೆ ಎಳೆ ಕೊರೆಯುವ ಟ್ಯಾಪ್ ಮುರಿಯುತ್ತದೆ. ವಾಟರ್‌ಜೆಟ್ ಕೊಯ್ದ ಅಂಚನ್ನು ಕೂಡಲೇ ಮುಟ್ಟಿದರೂ ಬೆಚ್ಚಗಿರುತ್ತದೆ, ಅಷ್ಟೆ. ಟೈಟೇನಿಯಂ, ಬೆಳಕು ಪ್ರತಿಫಲಿಸುವ ತಾಮ್ರ, ಗಾಜು, ರಬ್ಬರು ಯಾವುದಕ್ಕೂ ಯಂತ್ರ ಬದಲಿಸಬೇಕಾಗಿಲ್ಲ. ಓಟದ ವೇಗ ಬದಲಿಸಿದರಾಯಿತು. ಇಂಗಾಲದ ನಾರು ಮತ್ತು ರಾಳದ ಹಾಳೆಗಳನ್ನು ಬಿಸಿ ಮಾಡಿದರೆ ರಾಳ ಸುಟ್ಟುಹೋಗುತ್ತದೆ, ಬ್ಲೇಡಿನಿಂದ ಕೊಯ್ದರೆ ಪದರ ಬಿಡುತ್ತದೆ. ವಿಮಾನ ಕಾರ್ಖಾನೆಗಳಲ್ಲಿ ಇವುಗಳ ಅಂಚು ಸವರಲು ವಾಟರ್‌ಜೆಟ್ ಬಳಕೆ ಸಾಮಾನ್ಯ. ನಮ್ಮ ತೇಜಸ್ ವಿಮಾನದ ಚೌಕಟ್ಟಿನ ತೂಕದಲ್ಲಿ ನೂರಕ್ಕೆ 45ರಷ್ಟು ಇಂಥ ಸಂಯುಕ್ತ ವಸ್ತುಗಳೇ ಎಂಬುದನ್ನು ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ. ಇದಕ್ಕೆ ಬಗ್ಗದ್ದೂ ಒಂದಿದೆ: ಹದಗೊಳಿಸಿದ ಟಫನ್ಡ್ ಗಾಜು. ಧಾರೆ ತಾಗಿದೊಡನೆ ಪುಡಿಪುಡಿ. ಬೇಕಾದ ಆಕಾರ ಕೊಯ್ದ ಮೇಲೆ ಹದಗೊಳಿಸಬೇಕು.

ಇಂಥ ಯಂತ್ರಗಳನ್ನಿಟ್ಟುಕೊಂಡು ಜಾಬ್‌ವರ್ಕ್ ಮಾಡಿಕೊಡುವವರು ಬೆಂಗಳೂರಿನ ಪೀಣ್ಯದಲ್ಲಿದ್ದಾರೆ. ಚಾಮರಾಜನಗರದ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಇರುವುದು ಕಲ್ಲು ಸಿಗುವ ಜಾಗದ ಪಕ್ಕದಲ್ಲೇ. ದಿಮ್ಮಿಯ ಬದಲು ಆಕಾರ ಕಳಿಸುವ ಕೆಲಸ ಅಲ್ಲಿ ಯಾಕಾಗಬಾರದು? ಆಗಬೇಕು ಎನ್ನುವವನು ನಾನು. ಆದರೆ ಲೆಕ್ಕ ಸರಿಯಾಗಿ ತಿಳಿದಿರಬೇಕು. 20 ಮಿಲಿಮೀಟರ್ ಕರಿಕಲ್ಲಿನಲ್ಲಿ ಚೊಕ್ಕವಾದ ಅಂಚು ಬೇಕಾದರೆ ತಲೆ ನಿಮಿಷಕ್ಕೆ ಒಂದು ಗೇಣಿನ ಆಸುಪಾಸು ಓಡುತ್ತದೆ. ನೇರ ಕೊಯ್ತಕ್ಕೆ ಇದನ್ನು ಬಳಸುವುದು ದುಂದು. ಅದಕ್ಕೆ ಬ್ಲೇಡೇ ಸರಿ. ಒಂದು ಗೇಣು ಕೊಯ್ದಾಗ ಧಾರೆ ಪುಡಿ ಮಾಡುವ ಕಲ್ಲು 14 ಗ್ರಾಂ, ಅದಕ್ಕೆ ಸುರಿಯುವ ಗಾರ್ನೆಟ್ 400 ಗ್ರಾಂ. ಗಂಟೆಗೆ ಹತ್ತಿರ ಹತ್ತಿರ 25 ಕಿಲೋದ ಒಂದು ಚೀಲ. ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟಿನದಲ್ಲ, ನೀರಿನದೂ ಅಲ್ಲ, ಈ ಮರಳಿನದು.

ನೀರಿನ ವಿಷಯದಲ್ಲಿ ಬರದ ಜಿಲ್ಲೆಯವರು ಹೆದರಬೇಕಾದ್ದು ಪ್ರಮಾಣಕ್ಕಲ್ಲ. ಎಂಟು ಗಂಟೆಗೆ 1700 ಲೀಟರಿಗಿಂತ ಕಡಿಮೆ, ಶೋಧಿಸಿದರೆ ಮತ್ತೆ ಬಳಸಲೂಬಹುದು. ಹೆದರಬೇಕಾದ್ದು ಬೋರ್‌ವೆಲ್ ನೀರಿನ ಗಡಸಿಗೆ. ಅದರಲ್ಲಿ ಕರಗಿರುವ ಸುಣ್ಣದಂಶ ಮಣಿಯ ರಂಧ್ರದ ಅಂಚಿನಲ್ಲಿ ಕಟ್ಟಿಕೊಂಡರೆ ಧಾರೆ ಚದುರುತ್ತದೆ, ಚದುರಿದ ಧಾರೆ ನಳಿಗೆಯನ್ನು ತಿನ್ನುತ್ತದೆ. ಮೆದುಗೊಳಿಸುವ ಘಟಕವಿಲ್ಲದೆ ಯಂತ್ರ ತರುವುದು ವ್ಯರ್ಥ.

ದೂಳಿನ ಲೆಕ್ಕವನ್ನು ಹಣದಲ್ಲಿ ಹಾಕಲಾಗದು. ಬಿಳಿಕಲ್ಲಿನಲ್ಲಿ ಸ್ಫಟಿಕ ಹೆಚ್ಚು. ಒಣಗಿದ ಕಲ್ಲನ್ನು ಕೊಯ್ಯುವಾಗ ಏಳುವ ನವಿರಾದ ದೂಳು ವರ್ಷಗಟ್ಟಲೆ ಎದೆಯೊಳಗೆ ಸೇರಿದರೆ ಸಿಲಿಕೋಸಿಸ್. ಅದನ್ನು ವಾಸಿ ಮಾಡುವ ಮದ್ದಿಲ್ಲ. ವಾಟರ್‌ಜೆಟ್‌ನಲ್ಲಿ ಪುಡಿಯೆಲ್ಲ ತೊಟ್ಟಿಯ ನೀರಿನಲ್ಲೇ ಕೂರುತ್ತದೆ, ಗಾರ್ನೆಟ್ಟಿನಲ್ಲಿ ಬಿಡಿ ಸಿಲಿಕ ಬಹಳ ಕಡಿಮೆ. ಇದರ ಅಪಾಯ ಬೇರೆ ಬಗೆಯದು. ಧಾರೆ ಕೈಗೆ ತಗುಲಿದರೆ ಮೇಲೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಮಾಂಸವೆಲ್ಲ ಹರಿದು ನೀರು, ಮರಳು, ಕೊಳೆ ತುಂಬಿರುತ್ತದೆ. ಪಟ್ಟಿ ಕಟ್ಟಿಕೊಂಡು ಮನೆಗೆ ಹೋಗುವ ಗಾಯವಲ್ಲ, ತಕ್ಷಣ ಶಸ್ತ್ರಚಿಕಿತ್ಸೆ ಆಗಬೇಕು. ಜಿಲ್ಲೆಯಲ್ಲಿ ಯಂತ್ರ ಬರುವ ಮೊದಲೇ ಇದು ಆಪರೇಟರಿಗೂ ಹತ್ತಿರದ ಆಸ್ಪತ್ರೆಯ ವೈದ್ಯರಿಗೂ ಗೊತ್ತಿರಬೇಕು.

ತೊಟ್ಟಿಯ ತಳದಲ್ಲಿ ದಿನವೂ ಇನ್ನೂರು ಕಿಲೋದಷ್ಟು ಕೆಸರು ಸೇರುತ್ತದೆ. ಒಣಗಿಸಿ ಜರಡಿ ಹಿಡಿದರೆ ಸುಮಾರು ಅರ್ಧದಷ್ಟು ಗಾರ್ನೆಟ್ ಹೊಸದರೊಂದಿಗೆ ಬೆರೆಸಿ ಮತ್ತೆ ಬಳಸಲು ಬರುತ್ತದೆ. ಉಳಿದದ್ದು, ಬರೀ ಕಲ್ಲು ಕೊಯ್ದ ಕೆಸರಾದರೆ ನಿರುಪದ್ರವಿ. ಸೀಸ, ಕ್ರೋಮಿಯಂ ಇರುವ ಲೋಹ ಕೊಯ್ದದ್ದಾದರೆ ಬೇರೆಯಾಗಿಯೇ ಇಟ್ಟು ವಿಲೇವಾರಿ ಮಾಡಬೇಕು. ಹಾಗಾಗಿ ಕಲ್ಲಿಗೊಂದು ತೊಟ್ಟಿ, ಲೋಹಕ್ಕೊಂದು ತೊಟ್ಟಿ, ಕೆಸರು ಒಣಗಿಸಲು ಸಿಮೆಂಟಿನ ಕಣ, ಇವಿಷ್ಟನ್ನೂ ಷೆಡ್ಡಿನ ನಕ್ಷೆಯಲ್ಲೇ ಬರೆದುಕೊಂಡು ಹೊರಡುವುದು ಒಳ್ಳೆಯದು.